ಟಿಐಎ ಎಷ್ಟು ವೇಗವಾಗಿದೆ? ಸಿಮ್ಯುಲೇಶನ್‌ನಲ್ಲೂ ಟೇಬಲ್ ಮೇಲೂ ಅಳೆಯುವ ಬಗೆ

ಬೆಳಕನ್ನು ಕರೆಂಟ್ ಮಾಡುವ ಫೋಟೋಡಯೋಡ್‌ನಿಂದ ಬರುವ ಪುಟ್ಟ ಕರೆಂಟನ್ನು ವೋಲ್ಟೇಜ್ ಮಾಡಿಕೊಡುವ ಟ್ರಾನ್ಸ್‌ಇಂಪಿಡೆನ್ಸ್ ಆಂಪ್ಲಿಫೈಯರ್, ಅಂದರೆ ಟಿಐಎ, ನೋಡೋಕೆ ತೀರಾ ಸುಲಭದ ಸರ್ಕ್ಯೂಟ್. ಒಂದು ಆಪ್‌ಆಂಪ್ (ಆಂಪ್ಲಿಫೈಯರ್ ಚಿಪ್), ಒಂದು ರೆಸಿಸ್ಟರ್, ಒಂದು ಚಿಕ್ಕ ಕೆಪಾಸಿಟರ್, ಅಷ್ಟೇ. ಆದರೆ ಇದರ ಬ್ಯಾಂಡ್‌ವಿಡ್ತ್ ಎಷ್ಟು, ಅಂದರೆ ಎಷ್ಟು ಫ್ರೀಕ್ವೆನ್ಸಿವರೆಗೆ ಇದು ಸರಿಯಾಗಿ ಕೆಲಸ ಮಾಡುತ್ತದೆ ಅಂತ ಅಳೆಯೋಕೆ ಕೂತರೆ ತಕರಾರು ಶುರುವಾಗುತ್ತದೆ. ಮಾಮೂಲಿ ಆಂಪ್ಲಿಫೈಯರ್ ಆಗಿದ್ದರೆ ಫಂಕ್ಷನ್ ಜನರೇಟರ್ ಕನೆಕ್ಟ್ ಮಾಡಿ, ಸ್ಕೋಪ್‌ನಲ್ಲಿ ನೋಡಿ ಮುಗಿಸಬಹುದಿತ್ತು. ಇಲ್ಲಿ ಇನ್‌ಪುಟ್ ಅನ್ನೋದು ಕರೆಂಟು. ಮೆಗಾಹರ್ಟ್ಸ್ ಲೆಕ್ಕದ ಫ್ರೀಕ್ವೆನ್ಸಿಯಲ್ಲಿ ಒಂದು ಮೈಕ್ರೋಆಂಪ್ ಕರೆಕ್ಟಾಗಿ ಕೊಡುವ ಸಾಧನ ಯಾರ ಟೇಬಲ್ ಮೇಲೂ ಸುಮ್ನೆ ಬಿದ್ದಿರುವುದಿಲ್ಲ. ಹಾಗಾಗಿ ನಾವೇ ಏನೋ ಒಂದು ಜೋಡಿಸಿಕೊಳ್ಳುತ್ತೇವೆ, ಆ ಜೋಡಣೆಯೇ ಅಳತೆಯನ್ನು ಕೆಡಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರೀ ಮೈನಸ್ 3 ಡಿಬಿ (ಗೇನ್ 0.707 ಪಟ್ಟಿಗೆ ಇಳಿಯುವ ಫ್ರೀಕ್ವೆನ್ಸಿ) ಎಲ್ಲಿದೆ ಅಂತ ಹುಡುಕಿದರೆ ಕೈಗೆ ಸಿಗೋದು ಒಂದೇ ಒಂದು ನಂಬರ್, ಅದರಿಂದ ಬೋರ್ಡಿನಲ್ಲಿ ಏನು ತಪ್ಪಿದೆ ಅನ್ನೋದು ತಿಳಿಯುವುದಿಲ್ಲ. ಎರಡು ನಂಬರ್ ಹಿಡಿಯಿರಿ: ಸರ್ಕ್ಯೂಟಿನ ಸಹಜ ಫ್ರೀಕ್ವೆನ್ಸಿ (ಇದನ್ನು ಎಫ್‌ಝೀರೋ ಅನ್ನೋಣ) ಮತ್ತು ಕ್ಯೂ (ಆ ಫ್ರೀಕ್ವೆನ್ಸಿ ಹತ್ತಿರ ರೆಸ್ಪಾನ್ಸ್ ಎಷ್ಟು ಪೀಕ್ ಆಗುತ್ತದೆ ಅನ್ನೋ ಅಳತೆ). ಇವೆರಡು ಸಿಕ್ಕರೆ ಬೋರ್ಡಿನ ಮೇಲೆ ನಿಜವಾಗಿ ಎಷ್ಟು ಪಿಕೋಫ್ಯಾರಡ್ ಎಲ್ಲೆಲ್ಲಿ ಕೂತಿದೆ ಅಂತ ಲೆಕ್ಕ ಹಾಕಬಹುದು.

ಮೊದಲು ಪೇಪರ್ ಮೇಲೆ ಲೆಕ್ಕ

ಒಂದು ನಿಜವಾದ ಜೋಡಿ ತೆಗೆದುಕೊಳ್ಳೋಣ. ಫೋಟೋಡಯೋಡ್ ಬಿಪಿಡಬ್ಲ್ಯೂ34, ಆಪ್‌ಆಂಪ್ ಎಡಿ8065, ಫೀಡ್‌ಬ್ಯಾಕ್ ರೆಸಿಸ್ಟರ್ 100 ಕಿಲೋಓಮ್. ಡೇಟಾಶೀಟ್ ಪ್ರಕಾರ ಬಿಪಿಡಬ್ಲ್ಯೂ34ರ ಕೆಪಾಸಿಟೆನ್ಸ್ ಬಯಾಸ್ ಇಲ್ಲದಿದ್ದರೆ 70 ಪಿಎಫ್ (ಪಿಕೋಫ್ಯಾರಡ್), 3 ವೋಲ್ಟ್ ರಿವರ್ಸ್ ಬಯಾಸ್ ಕೊಟ್ಟರೆ 25 ಪಿಎಫ್. ಎಡಿ8065ರ ಇನ್‌ಪುಟ್ ಕೆಪಾಸಿಟೆನ್ಸ್ ಕಾಮನ್ ಮೋಡ್ (ಪಿನ್ನಿನಿಂದ ಗ್ರೌಂಡಿಗೆ) 2.1, ಡಿಫರೆನ್ಷಿಯಲ್ (ಎರಡು ಇನ್‌ಪುಟ್ ಪಿನ್ನುಗಳ ನಡುವೆ) 4.5, ಒಟ್ಟು 6.6 ಪಿಎಫ್. ಡಿಫರೆನ್ಷಿಯಲ್ ಭಾಗವನ್ನು ಮರೆತುಬಿಡೋರೇ ಜಾಸ್ತಿ. ಪ್ಲಸ್ ಪಿನ್ ಗ್ರೌಂಡಿನಲ್ಲಿ ಇರುವುದರಿಂದ ಇಲ್ಲಿ ಎರಡನ್ನೂ ಕೂಡಿಸಲೇಬೇಕು. ಬೋರ್ಡಿನ ಟ್ರೇಸ್, ಪ್ಯಾಡ್ ಇತ್ಯಾದಿಗೆ ಒಂದು 3 ಪಿಎಫ್ ಸೇರಿಸಿ, ಒಟ್ಟು ಇನ್‌ಪುಟ್ ಕೆಪಾಸಿಟೆನ್ಸ್ 35 ಪಿಎಫ್ ಅಂತ ಇಟ್ಟುಕೊಳ್ಳೋಣ. ಆಪ್‌ಆಂಪ್‌ನ ಗೇನ್ ಬ್ಯಾಂಡ್‌ವಿಡ್ತ್ (ಅದರ ಸ್ವಂತ ಗೇನ್ ಒಂದಕ್ಕೆ ಇಳಿಯುವ ಫ್ರೀಕ್ವೆನ್ಸಿ) 65 ಮೆಗಾಹರ್ಟ್ಸ್.

ಎಫ್‌ಝೀರೋ ಅಂದರೆ ಗೇನ್ ಬ್ಯಾಂಡ್‌ವಿಡ್ತನ್ನು (6.28 × ಫೀಡ್‌ಬ್ಯಾಕ್ ರೆಸಿಸ್ಟರ್ × ಒಟ್ಟು ಕೆಪಾಸಿಟೆನ್ಸ್)ನಿಂದ ಭಾಗಿಸಿ, ವರ್ಗಮೂಲ ತೆಗೆದದ್ದು. ನಮ್ಮ ಅಂಕಿಗಳಿಗೆ ಸುಮಾರು 1.7 ಮೆಗಾಹರ್ಟ್ಸ್. ಪೀಕ್ ಇಲ್ಲದ ಸಪಾಟಾದ ರೆಸ್ಪಾನ್ಸ್ ಬೇಕೆಂದರೆ, ಅಂದರೆ ಕ್ಯೂ 0.707 ಇರುವ ಬಟರ್‌ವರ್ತ್ ಬೇಕೆಂದರೆ, ಫೀಡ್‌ಬ್ಯಾಕ್ ಕೆಪಾಸಿಟರ್ ಎಷ್ಟಿರಬೇಕು? ಇನ್‌ಪುಟ್ ಕೆಪಾಸಿಟೆನ್ಸನ್ನು (3.14 × ರೆಸಿಸ್ಟರ್ × ಗೇನ್ ಬ್ಯಾಂಡ್‌ವಿಡ್ತ್)ನಿಂದ ಭಾಗಿಸಿ, ಅದರ ವರ್ಗಮೂಲ. 1.3 ಪಿಎಫ್ ಬರುತ್ತದೆ. ಆಗ ಮೈನಸ್ 3 ಡಿಬಿ ಬ್ಯಾಂಡ್‌ವಿಡ್ತ್ ಕೂಡ ಎಫ್‌ಝೀರೋ ಹತ್ತಿರವೇ, ಅಂದರೆ 1.7 ಮೆಗಾಹರ್ಟ್ಸ್. ಫೋಟೋಡಯೋಡಿಗೆ ಬಯಾಸ್ ಕೊಡದೆ ಬಿಟ್ಟರೆ ಒಟ್ಟು 80 ಪಿಎಫ್ ಆಗಿ, ಇದೇ ಸರ್ಕ್ಯೂಟ್ 1.14 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಕೆಪಾಸಿಟರ್ 2 ಪಿಎಫ್ ಬೇಕಾಗುತ್ತದೆ.

1.3 ಪಿಎಫ್ ಅನ್ನೋದು ಎಷ್ಟು ಸಣ್ಣದು ಅಂತ ಗಮನಿಸಿ. ಮಾಮೂಲಿ ಕಾಲಿರುವ ಕ್ವಾರ್ಟರ್ ವಾಟ್ ರೆಸಿಸ್ಟರಿನ ಎರಡು ತುದಿಗಳ ನಡುವೆಯೇ 0.2, 0.3 ಪಿಎಫ್ ಇರುತ್ತದೆ. ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಎರಡು ಸಾಲುಗಳ ನಡುವೆ ಸುಮಾರು 2 ಪಿಎಫ್ ಇರಬಹುದು. ಹಾಗಾಗಿ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿದ ಟಿಐಎ ಕೆಪಾಸಿಟರ್ ಇಲ್ಲದೆಯೂ ಆರಾಮಾಗಿ, ಆಸಿಲೇಟ್ ಆಗದೆ ಕೂತಿರುತ್ತದೆ, ಆದರೆ ನಿಧಾನವಾಗಿರುತ್ತದೆ. ಅದೇ ಸರ್ಕ್ಯೂಟನ್ನು ಪಿಸಿಬಿ ಮೇಲೆ ಹಾಕಿದ ದಿನ ಕುಣಿಯೋಕೆ ಶುರು ಮಾಡುತ್ತದೆ. ಈ ಕೆಲಸಕ್ಕೆ ಬ್ರೆಡ್‌ಬೋರ್ಡ್ ಬೇಡವೇ ಬೇಡ.

ಸಿಮ್ಯುಲೇಶನ್

ಎಲ್‌ಟಿಸ್ಪೈಸ್ ಅನ್ನೋ ಸರ್ಕ್ಯೂಟ್ ಸಿಮ್ಯುಲೇಟರ್ ಉಚಿತವಾಗಿ ಸಿಗುತ್ತದೆ, ಅದು ಸಾಕು. ಫೋಟೋಡಯೋಡ್ ಜಾಗದಲ್ಲಿ ಒಂದು ಕರೆಂಟ್ ಸೋರ್ಸ್ ಇಡಿ, ಅದಕ್ಕೆ ಪ್ಯಾರಲಲ್ ಆಗಿ 25 ಪಿಎಫ್. ಬೋರ್ಡಿನ 3 ಪಿಎಫ್ ಬೇರೆ ಕೆಪಾಸಿಟರಾಗಿ ಹಾಕಿ, ಆಮೇಲೆ ಬದಲಾಯಿಸೋಕೆ ಅನುಕೂಲ. ಕರೆಂಟ್ ಸೋರ್ಸಿನ ಎಸಿ ಆಂಪ್ಲಿಟ್ಯೂಡ್ 1 ಅಂತ ಕೊಡಿ. ಒಂದು ಆಂಪ್ ಕೊಟ್ಟರೆ ಔಟ್‌ಪುಟ್ ಒಂದು ಲಕ್ಷ ವೋಲ್ಟ್ ಆಗುತ್ತಲ್ಲ ಅಂತ ಹೆದರಬೇಡಿ. ಎಸಿ ಅನಾಲಿಸಿಸ್‌ನಲ್ಲಿ ಎಲ್ಲವೂ ಲೀನಿಯರ್, ಸಪ್ಲೈ ಮಿತಿ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 1 ಕೊಟ್ಟರೆ ಲಾಭ ಏನೆಂದರೆ ಔಟ್‌ಪುಟ್ ಪ್ಲಾಟ್ ನೇರವಾಗಿ ಓಮ್‌ನಲ್ಲೇ ಬರುತ್ತದೆ: 100 ಕಿಲೋಓಮ್ ಅಂದರೆ 100 ಡಿಬಿ. ಸ್ವೀಪ್ 1 ಕಿಲೋಹರ್ಟ್ಸ್‌ನಿಂದ 100 ಮೆಗಾಹರ್ಟ್ಸ್, ಡೆಕೇಡಿಗೆ 100 ಪಾಯಿಂಟ್. ಸ್ಪೈಸ್‌ನಲ್ಲಿ ಬರೀ 'ಎಂ' ಬರೆದರೆ ಮಿಲಿ ಅಂತ ಅರ್ಥ, ಮೆಗಾ ಬೇಕಿದ್ದರೆ 'ಮೆಗ್' ಅಂತಲೇ ಬರೆಯಬೇಕು.

ಸ್ವೀಪ್ ಮಾಡುವ ಮೊದಲು ಡಿಸಿ ಆಪರೇಟಿಂಗ್ ಪಾಯಿಂಟ್ ನೋಡಿ. ಸಿಂಗಲ್ ಸಪ್ಲೈ ಸರ್ಕ್ಯೂಟ್ ಆಗಿ, ಔಟ್‌ಪುಟ್ ಒಂದು ರೈಲಿಗೆ (ಸಪ್ಲೈನ ಒಂದು ತುದಿಗೆ) ಅಂಟಿಕೊಂಡಿದ್ದರೆ, ಎಸಿ ಪ್ಲಾಟ್ ಏನೋ ಒಂದು ಗೆರೆ ಎಳೆದು ತೋರಿಸುತ್ತದೆ, ಅದಕ್ಕೆ ಅರ್ಥವಿಲ್ಲ.

ಈಗ ಫೀಡ್‌ಬ್ಯಾಕ್ ಕೆಪಾಸಿಟರನ್ನು ಪ್ಯಾರಾಮೀಟರ್ ಮಾಡಿ 0.1, 0.7, 1.3, 2.2 ಪಿಎಫ್ ಅಂತ ಸ್ಟೆಪ್ ಮಾಡಿ. 0.1 ಪಿಎಫ್‌ನಲ್ಲಿ, ಅಂದರೆ ಕೆಪಾಸಿಟರ್ ಹಾಕದೆ ಬರೀ ಚಿಪ್ ರೆಸಿಸ್ಟರಿನ ಸ್ಟ್ರೇ (ತಾನಾಗೇ ಬಂದು ಸೇರುವ ಕೆಪಾಸಿಟೆನ್ಸ್) ಮಾತ್ರ ಇದ್ದಾಗ, ಕ್ಯೂ 7ರ ಮೇಲೆ ಹೋಗಿ ಸುಮಾರು 17 ಡಿಬಿ ಪೀಕ್ ಎದ್ದು ನಿಲ್ಲುತ್ತದೆ. 1.3ಕ್ಕೆ ಪೀಕ್ ಮಾಯ. 2.2 ಹಾಕಿದರೆ ಬ್ಯಾಂಡ್‌ವಿಡ್ತ್ 0.86 ಮೆಗಾಹರ್ಟ್ಸ್‌ಗೆ, ಅಂದರೆ ಅರ್ಧಕ್ಕೆ ಕುಸಿಯುತ್ತದೆ. ಒಂದು ಪಿಕೋಫ್ಯಾರಡ್ ಕೂಡ ಇಲ್ಲದ ವ್ಯತ್ಯಾಸಕ್ಕೆ ಅರ್ಧ ಬ್ಯಾಂಡ್‌ವಿಡ್ತ್ ಹೋಯಿತು ಅಲ್ವಾ?

ಲೂಪ್ ಗೇನ್, ಅಂದರೆ ಸಿಗ್ನಲ್ ಆಪ್‌ಆಂಪ್ ಮತ್ತು ಫೀಡ್‌ಬ್ಯಾಕ್ ಮೂಲಕ ಒಂದು ಸುತ್ತು ಬಂದಾಗಿನ ಗೇನ್, ಅದನ್ನೂ ಒಮ್ಮೆ ನೋಡಿಬಿಡಿ. ಲೂಪನ್ನು ಮೈನಸ್ ಪಿನ್ ಹತ್ತಿರ ಕತ್ತರಿಸಬೇಡಿ, ಅಲ್ಲಿ ಕತ್ತರಿಸಿದರೆ ಆಪ್‌ಆಂಪ್‌ನ ಇನ್‌ಪುಟ್ ಕೆಪಾಸಿಟೆನ್ಸ್ ಲೆಕ್ಕದಿಂದ ತಪ್ಪಿಹೋಗುತ್ತದೆ, ಟಿಐಎ ಕಥೆಯೆಲ್ಲ ನಿಂತಿರೋದೇ ಅದರ ಮೇಲೆ. ಆಪ್‌ಆಂಪ್ ಔಟ್‌ಪುಟ್ ಮತ್ತು ಫೀಡ್‌ಬ್ಯಾಕ್ ನೆಟ್‌ವರ್ಕ್ ನಡುವೆ ಒಂದು ಎಸಿ ವೋಲ್ಟೇಜ್ ಸೋರ್ಸ್ ಸೇರಿಸಿ, ಫೋಟೋಡಯೋಡ್ ಕರೆಂಟಿನ ಎಸಿಯನ್ನು ಸೊನ್ನೆ ಮಾಡಿ, ಸೋರ್ಸಿನ ಆಚೆ ಈಚೆಯ ವೋಲ್ಟೇಜ್‌ಗಳ ಅನುಪಾತ ಪ್ಲಾಟ್ ಮಾಡಿ. ಬಟರ್‌ವರ್ತ್‌ಗೆ ಫೇಸ್ ಮಾರ್ಜಿನ್ (ಆಸಿಲೇಟ್ ಆಗೋಕೆ ಇನ್ನೆಷ್ಟು ಫೇಸ್ ಬಾಕಿ ಇದೆ ಅನ್ನೋದು) 65 ಡಿಗ್ರಿ ಆಸುಪಾಸು ಬರಬೇಕು.

ಮಾಡೆಲ್ ಮೇಲೆ ಕುರುಡು ನಂಬಿಕೆ ಬೇಡ. ಕೆಲವು ಆಪ್‌ಆಂಪ್ ಮಾಡೆಲ್‌ಗಳಲ್ಲಿ ಇನ್‌ಪುಟ್ ಕೆಪಾಸಿಟೆನ್ಸೇ ಇರುವುದಿಲ್ಲ, ಕೆಲವದರಲ್ಲಿ ನಾಯ್ಸ್ ಇರುವುದಿಲ್ಲ. ಆಪ್‌ಆಂಪನ್ನು ಬಫರ್ ಮಾಡಿ, ಪ್ಲಸ್ ಪಿನ್ನಿಗೆ ಎಸಿ ವೋಲ್ಟೇಜ್ ಕೊಟ್ಟು, ಅದು ಎಳೆಯುವ ಕರೆಂಟ್ ನೋಡಿದರೆ ಕಾಮನ್ ಮೋಡ್ ಕೆಪಾಸಿಟೆನ್ಸ್ ಗೊತ್ತಾಗುತ್ತದೆ. ಡಿಫರೆನ್ಷಿಯಲ್ ಬೇಕಿದ್ದರೆ ಎರಡು ಪಿನ್ನುಗಳ ನಡುವೆ ಎಸಿ ಕೊಟ್ಟು ನೋಡಿ. ಡೇಟಾಶೀಟ್‌ಗೆ ಹೋಲಿಸಿ, ಇಲ್ಲದ್ದನ್ನು ನೀವೇ ಹೊರಗಿನಿಂದ ಸೇರಿಸಿ. ಇದ್ದದ್ದನ್ನು ಮತ್ತೆ ಸೇರಿಸಬೇಡಿ.

ಟೇಬಲ್ ಮೇಲೆ: ರೆಸಿಸ್ಟರ್ ದಾರಿ

ಕರೆಂಟ್ ತಳ್ಳುವ ಅತಿ ಸರಳ ದಾರಿ ಎಂದರೆ ಜನರೇಟರಿನಿಂದ ಒಂದು ದೊಡ್ಡ ರೆಸಿಸ್ಟರ್ ಮೂಲಕ ಮೈನಸ್ ಪಿನ್ನಿಗೆ. 100 ಕಿಲೋಓಮ್ ಹಾಕಿದರೆ 0.1 ವೋಲ್ಟಿಗೆ 1 ಮೈಕ್ರೋಆಂಪ್. ಫೀಡ್‌ಬ್ಯಾಕ್ ಕೂಡ 100 ಕಿಲೋಓಮ್ ಆದ್ದರಿಂದ ಒಟ್ಟು ಗೇನ್ ಒಂದು, ಲೆಕ್ಕ ಬಾಯಲ್ಲೇ ಆಗುತ್ತದೆ. ಈ ರೆಸಿಸ್ಟರ್ ಲೂಪನ್ನು ಕೆಡಿಸುವುದಿಲ್ಲವೇ ಅಂದರೆ, ಇಲ್ಲ. 1.7 ಮೆಗಾಹರ್ಟ್ಸ್‌ನಲ್ಲಿ 35 ಪಿಎಫ್‌ನ ರಿಯಾಕ್ಟೆನ್ಸ್ ಬರೀ 2.7 ಕಿಲೋಓಮ್, ಅದರ ಪಕ್ಕ 100 ಕಿಲೋಓಮ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಫೋಟೋಡಯೋಡ್ ಅದರ ಜಾಗದಲ್ಲೇ ಇರಲಿ, ಬಯಾಸ್ ಕೊಟ್ಟು, ಕಪ್ಪು ಟೇಪ್ ಸುತ್ತಿ ಕತ್ತಲಲ್ಲಿಡಿ. ಬೆಳಕು ಬಿದ್ದರೆ ರೂಮಿನ ಲೈಟಿನ 100 ಹರ್ಟ್ಸ್ ಏರಿಳಿತ ಔಟ್‌ಪುಟ್ ತುಂಬಾ ಕಾಣುತ್ತದೆ.

ತೊಂದರೆ ಇರೋದು ರೆಸಿಸ್ಟರಿನ ಸ್ವಂತ ಸ್ಟ್ರೇ ಕೆಪಾಸಿಟೆನ್ಸ್‌ನಲ್ಲಿ. ಕಾಲಿರುವ ರೆಸಿಸ್ಟರಿಗೆ 0.25 ಪಿಎಫ್ ಅಂದುಕೊಂಡರೆ 6.4 ಮೆಗಾಹರ್ಟ್ಸ್ ದಾಟಿದ ಮೇಲೆ ಕರೆಂಟ್ ಕೆಪಾಸಿಟರ್ ಮೂಲಕವೇ ನುಗ್ಗುತ್ತದೆ. 1.7 ಮೆಗಾಹರ್ಟ್ಸ್‌ನಲ್ಲಿ ಆಂಪ್ಲಿಟ್ಯೂಡ್ ತಪ್ಪು ಬರೀ 0.3 ಡಿಬಿ, ಕಣ್ಣಿಗೇ ಬೀಳುವುದಿಲ್ಲ. ಆದರೆ ಫೇಸ್ ಆಗಲೇ 15 ಡಿಗ್ರಿ ತಪ್ಪಿರುತ್ತದೆ. ಪರಿಹಾರ ಸುಲಭ: ಮೂರು 33 ಕಿಲೋಓಮ್ ಚಿಪ್ ರೆಸಿಸ್ಟರ್‌ಗಳನ್ನು ಸಾಲಾಗಿ ಬೆಸುಗೆ ಹಾಕಿ. ಒಂದೊಂದಕ್ಕೆ 0.1 ಪಿಎಫ್ ಇದ್ದರೂ ಸೀರೀಸ್‌ನಲ್ಲಿ ಅದು ಮೂರನೇ ಒಂದು ಭಾಗವಾಗುತ್ತದೆ, ತಪ್ಪು 2 ಡಿಗ್ರಿಗೆ ಇಳಿಯುತ್ತದೆ. ಜನರೇಟರ್ ಕೇಬಲ್ ಬೋರ್ಡಿಗೆ ಬರುವ ತುದಿಯಲ್ಲಿ 50 ಓಮ್ ಟರ್ಮಿನೇಶನ್ ಇರಲಿ. ಏನೇ ಇರಲಿ, ಈ ಇಂಜೆಕ್ಷನ್ ರೆಸಿಸ್ಟರನ್ನೂ ಅದರ ಸ್ಟ್ರೇಯನ್ನೂ ಸಿಮ್ಯುಲೇಶನ್‌ನಲ್ಲಿ ಹಾಕಿ ಓಡಿಸಿ ನೋಡಿ. ಅಳೆಯುವ ಜೋಡಣೆಯನ್ನೇ ಸಿಮ್ಯುಲೇಟ್ ಮಾಡದೆ ಬರೀ ಆಂಪ್ಲಿಫೈಯರನ್ನು ಸಿಮ್ಯುಲೇಟ್ ಮಾಡಿ ಎರಡನ್ನೂ ಹೋಲಿಸೋಕೆ ಹೊರಟರೆ ಅಳೆದೂ ಸುರಿದೂ ಕೊನೆಗೆ ಏನೂ ಹೊಂದುವುದಿಲ್ಲ.

ಪ್ರೋಬ್ ವಿಷಯ: ಮೈನಸ್ ಪಿನ್ನಿಗೆ ಪ್ರೋಬ್ ಮುಟ್ಟಿಸಲೇಬೇಡಿ. ಹತ್ತು ಪಟ್ಟಿನ ಪ್ರೋಬ್ ಕೂಡ 10 ಪಿಎಫ್‌ಗಿಂತ ಜಾಸ್ತಿ ಸೇರಿಸುತ್ತದೆ. ಔಟ್‌ಪುಟ್ಟಿನಲ್ಲಿ 50 ಓಮ್ ಸೀರೀಸ್ ಹಾಕಿ ಅದರಾಚೆ ಅಳೆಯಿರಿ. ಸಿಗ್ನಲ್ ಕೆಲವು ನೂರು ಮಿಲಿವೋಲ್ಟ್ ಒಳಗೇ ಇರಲಿ.

ಈಗ ನನಗೆ ಅಚ್ಚುಮೆಚ್ಚಿನ ಭಾಗ. ಇಂಥ ಸೆಕೆಂಡ್ ಆರ್ಡರ್ (ಎಫ್‌ಝೀರೋ, ಕ್ಯೂ ಎರಡರಿಂದಲೇ ವಿವರಿಸಬಹುದಾದ) ಸರ್ಕ್ಯೂಟಿನಲ್ಲಿ ಕ್ಯೂ ಎಷ್ಟೇ ಇರಲಿ, ಎಫ್‌ಝೀರೋದಲ್ಲಿ ಫೇಸ್ ಕರೆಕ್ಟಾಗಿ 90 ಡಿಗ್ರಿ ತಿರುಗಿರುತ್ತದೆ. ಮತ್ತು ಅಲ್ಲಿನ ಗೇನನ್ನು ಕಡಿಮೆ ಫ್ರೀಕ್ವೆನ್ಸಿಯ ಗೇನ್‌ನಿಂದ ಭಾಗಿಸಿದರೆ ಬರೋದೇ ಕ್ಯೂ. ಸ್ಕೋಪನ್ನು ಎಕ್ಸ್‌ವೈ ಮೋಡಿಗೆ ಹಾಕಿ, ಎಕ್ಸ್‌ಗೆ ಇನ್‌ಪುಟ್, ವೈಗೆ ಔಟ್‌ಪುಟ್. 10 ಕಿಲೋಹರ್ಟ್ಸ್‌ನಲ್ಲಿ ಎಡದಿಂದ ಬಲಕ್ಕೆ ಇಳಿಯುವ ಓರೆ ಗೆರೆ ಕಾಣುತ್ತದೆ, ಟಿಐಎ ಇನ್ವರ್ಟ್ ಮಾಡುತ್ತದಲ್ಲ. ಫ್ರೀಕ್ವೆನ್ಸಿ ಏರಿಸುತ್ತಾ ಹೋದ ಹಾಗೆ ಗೆರೆ ಬಾಯಿ ಬಿಟ್ಟು ಎಲಿಪ್ಸ್ ಆಗುತ್ತದೆ, ಓರೆ ಕಡಿಮೆಯಾಗುತ್ತಾ, ಒಂದು ಫ್ರೀಕ್ವೆನ್ಸಿಯಲ್ಲಿ ಯಾವ ಕಡೆಗೂ ವಾಲದೆ ನೆಟ್ಟಗೆ ನಿಲ್ಲುತ್ತದೆ. ಇನ್ನೂ ಸ್ವಲ್ಪ ಏರಿಸಿದರೆ ಆ ಕಡೆಗೆ ವಾಲುತ್ತದೆ. ನೆಟ್ಟಗೆ ನಿಂತ ಜಾಗವೇ ಎಫ್‌ಝೀರೋ. ಆಗ ಎಲಿಪ್ಸಿನ ಎತ್ತರ 10 ಕಿಲೋಹರ್ಟ್ಸ್‌ನಲ್ಲಿದ್ದ ಗೆರೆಯ ಎತ್ತರದ ಎಷ್ಟು ಪಾಲು ಅಂತ ನೋಡಿದರೆ ಅದು ಕ್ಯೂ. ಎರಡೂ ಕೇಬಲ್ ಒಂದೇ ಉದ್ದ ಇರಲಿ, ಒಂದು ಮೀಟರ್ ವ್ಯತ್ಯಾಸ ಅಂದರೆ ಸುಮಾರು 5 ನ್ಯಾನೋಸೆಕೆಂಡ್, 1.7 ಮೆಗಾಹರ್ಟ್ಸ್‌ನಲ್ಲಿ 3 ಡಿಗ್ರಿ.

ನ್ಯಾನೋವಿಎನ್‌ಎ (ಪುಟ್ಟ ನೆಟ್‌ವರ್ಕ್ ಅನಲೈಸರ್) ಇದ್ದವರಿಗೆ ಇನ್ನೂ ಸುಲಭ. 50 ಕಿಲೋಹರ್ಟ್ಸ್‌ನಿಂದ ಶುರು ಮಾಡಿ ಸ್ವೀಪ್ ಕೊಡಿ. ಔಟ್‌ಪುಟ್ 50 ಓಮ್ ಮೂಲಕ ಹೋಗುವುದರಿಂದ ಸಪಾಟು ಭಾಗ ಮೈನಸ್ 6 ಡಿಬಿಯಲ್ಲಿ ಕೂರುತ್ತದೆ. ಮಧ್ಯೆ ಡಿಸಿ ತಡೆಯುವ ಕೆಪಾಸಿಟರ್ ಇರಲಿ, ಇಲ್ಲದಿದ್ದರೆ ಆಫ್‌ಸೆಟ್ ನೇರ ಪೋರ್ಟಿಗೆ ಹೋಗುತ್ತದೆ.

ಬೋರ್ಡಿನಿಂದ ಪಿಕೋಫ್ಯಾರಡ್ ಕಕ್ಕಿಸುವುದು

ಇನ್‌ಪುಟ್ ಪಿನ್ನಿನಿಂದ ಗ್ರೌಂಡಿಗೆ ಗೊತ್ತಿರುವ ಕೆಪಾಸಿಟರ್ ಸೇರಿಸಿ ಎಫ್‌ಝೀರೋ ಮತ್ತೆ ಅಳೆಯಿರಿ. ಮೊದಲು ಏನೂ ಇಲ್ಲದೆ, ಆಮೇಲೆ 22 ಪಿಎಫ್, ಆಮೇಲೆ ಅದನ್ನು ತೆಗೆದು 47 ಪಿಎಫ್. ನಮ್ಮ ಉದಾಹರಣೆಯಲ್ಲಿ ಲೆಕ್ಕದ ಪ್ರಕಾರ 1.69, 1.33, 1.11 ಮೆಗಾಹರ್ಟ್ಸ್ ಬರಬೇಕು. ಒಂದನ್ನು ಎಫ್‌ಝೀರೋದ ವರ್ಗದಿಂದ ಭಾಗಿಸಿ (0.351, 0.564, 0.805), ಸೇರಿಸಿದ ಕೆಪಾಸಿಟೆನ್ಸ್ ಎದುರು ಗ್ರಾಫ್ ಹಾಕಿದರೆ ನೇರ ಗೆರೆ. ಆ ಗೆರೆಯನ್ನು ಎಡಕ್ಕೆ ಎಳೆದುಕೊಂಡು ಹೋದರೆ ಮೈನಸ್ 36.3 ಪಿಎಫ್‌ನಲ್ಲಿ ಸೊನ್ನೆ ಮುಟ್ಟುತ್ತದೆ. ಅದೇ ನಿಮ್ಮ ಬೋರ್ಡಿನ ನಿಜವಾದ ಇನ್‌ಪುಟ್ ಮತ್ತು ಫೀಡ್‌ಬ್ಯಾಕ್ ಕೆಪಾಸಿಟೆನ್ಸ್‌ಗಳ ಮೊತ್ತ. ಗೆರೆಯ ಇಳಿಜಾರು ಒಂದು ಪಿಎಫ್‌ಗೆ 0.00966. 100 ಕಿಲೋಓಮ್‌ಗೆ 0.628ನ್ನು ಈ ಇಳಿಜಾರಿನಿಂದ ಭಾಗಿಸಿದರೆ 65, ಅಂದರೆ ನಿಮ್ಮ ಕೈಲಿರುವ ಚಿಪ್ಪಿನ ಗೇನ್ ಬ್ಯಾಂಡ್‌ವಿಡ್ತ್ ಮೆಗಾಹರ್ಟ್ಸ್‌ನಲ್ಲಿ. ಡೇಟಾಶೀಟಿನದ್ದಲ್ಲ, ನಿಮ್ಮ ಚಿಪ್ಪಿನದ್ದು.

ಉಳಿದದ್ದು ಫೀಡ್‌ಬ್ಯಾಕ್ ಕೆಪಾಸಿಟೆನ್ಸ್, ಅದು ಕ್ಯೂನಿಂದ ಸಿಗುತ್ತದೆ. ಒಂದನ್ನು (6.28 × ಎಫ್‌ಝೀರೋ × ರೆಸಿಸ್ಟರ್ × ಕ್ಯೂ)ನಿಂದ ಭಾಗಿಸಿ. ನೀವು 1.3 ಪಿಎಫ್ ಹಾಕಿದ್ದೀರಿ, ಆದರೆ ಕ್ಯೂ 0.55 ಬಂತು ಅಂತಿಟ್ಟುಕೊಳ್ಳಿ. ಲೆಕ್ಕ 1.7 ಪಿಎಫ್ ಅನ್ನುತ್ತದೆ. ಎಲ್ಲಿಂದಲೋ 0.4 ಪಿಎಫ್ ನುಸುಳಿದೆ, ಬ್ಯಾಂಡ್‌ವಿಡ್ತ್ 1.7ರ ಬದಲು 1.24 ಮೆಗಾಹರ್ಟ್ಸ್ ಆಗಿದೆ. ಬಹುತೇಕ ಸಲ ಔಟ್‌ಪುಟ್ ಟ್ರೇಸ್ ಇನ್‌ಪುಟ್ ಟ್ರೇಸಿನ ಪಕ್ಕದಲ್ಲೇ ಓಡಿರುತ್ತದೆ, ಇಲ್ಲವೇ ರೆಸಿಸ್ಟರನ್ನೂ ಕೆಪಾಸಿಟರನ್ನೂ ದೊಡ್ಡ ದೊಡ್ಡ ಪ್ಯಾಡ್‌ಗಳ ಮೇಲೆ ಕೂರಿಸಿರುತ್ತಾರೆ. ಈಗ ಮೂರೂ ನಂಬರನ್ನು ಸಿಮ್ಯುಲೇಶನ್‌ಗೆ ತುಂಬಿ ಓಡಿಸಿದರೆ ಎರಡು ಕರ್ವ್‌ಗಳು ಒಂದರ ಮೇಲೊಂದು ಕೂರುತ್ತವೆ. ಕೂರದಿದ್ದರೆ ಸರ್ಕ್ಯೂಟ್ ಸೆಕೆಂಡ್ ಆರ್ಡರ್ ಅಲ್ಲ ಅಂತ ಅರ್ಥ. ನೂರಾರು ಮೆಗಾಹರ್ಟ್ಸ್ ಟಿಐಎಗಳಲ್ಲಿ ಆಪ್‌ಆಂಪ್‌ನ ಎರಡನೇ ಪೋಲ್ (ಅದರ ಗೇನ್ ಇನ್ನಷ್ಟು ವೇಗವಾಗಿ ಇಳಿಯೋಕೆ ಶುರುವಾಗುವ ಜಾಗ) ಮೂಗು ತೂರಿಸುತ್ತದೆ, ಅಲ್ಲಿ ಈ ಉಪಾಯ ಅಂದಾಜಿಗೆ ಮಾತ್ರ.

ಸ್ವೀಪ್ ಬೇಡ, ಸ್ಟೆಪ್ ಸಾಕು ಅನ್ನುವವರು 1 ಪಿಎಫ್ ಕೆಪಾಸಿಟರ್ ಮೂಲಕ ಟ್ರಯಾಂಗಲ್ ವೇವ್ ಕೊಡಬಹುದು. ಕೆಪಾಸಿಟರ್ ಇಳಿಜಾರನ್ನು ಕರೆಂಟ್ ಮಾಡುತ್ತದೆ, ಹಾಗಾಗಿ ಟ್ರಯಾಂಗಲ್ ಒಳಗೆ ಹೋಗಿ ಸ್ಕ್ವೇರ್ ಹೊರಬರುತ್ತದೆ. 100 ಕಿಲೋಹರ್ಟ್ಸ್, ತುದಿಯಿಂದ ತುದಿಗೆ 2 ವೋಲ್ಟ್ ಕೊಟ್ಟರೆ 0.4 ಮೈಕ್ರೋಆಂಪ್, ಔಟ್‌ಪುಟ್ 40 ಮಿಲಿವೋಲ್ಟ್ ಮೇಲೆ ಕೆಳಗೆ. ಬಟರ್‌ವರ್ತ್ ಆದರೆ ಓವರ್‌ಶೂಟ್ 4 ಪರ್ಸೆಂಟ್, ರೈಸ್ ಟೈಮ್ 0.2 ಮೈಕ್ರೋಸೆಕೆಂಡ್. ಅಗ್ಗದ ಡಿಜಿಟಲ್ ಜನರೇಟರ್‌ಗಳಲ್ಲಿ ಟ್ರಯಾಂಗಲ್ ಅನ್ನೋದು ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಪ್ರತಿ ಮೆಟ್ಟಿಲೂ ಕೆಪಾಸಿಟರ್ ದಾಟಿ ಮುಳ್ಳಾಗಿ ಬರುತ್ತದೆ. ಅದನ್ನು ಟಿಐಎ ರಿಂಗಿಂಗ್ ಅಂದುಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ಬೆಳಕಿನಿಂದ ಅಳೆಯುವುದು

ಕೊನೆಗೆ ಬೇಕಾಗಿರೋದು ಬೆಳಕಿಗೆ ಬರುವ ರೆಸ್ಪಾನ್ಸೇ. ಎಲ್‌ಇಡಿಗೆ ಡಿಸಿ ಕೊಟ್ಟು, ಅದರ ಮೇಲೆ ಸಣ್ಣ ಸೈನ್ ವೇವ್ ಸೇರಿಸಿ. ಬಿಳಿ ಎಲ್‌ಇಡಿ ಬೇಡ, ಅದರ ಫಾಸ್ಫರ್ ನಿಧಾನ. ಕೆಂಪು ಅಥವಾ ಇನ್‌ಫ್ರಾರೆಡ್ ಇರಲಿ. ಎಲ್‌ಇಡಿಯ ಸ್ವಂತ ರೆಸ್ಪಾನ್ಸನ್ನು ಕಳೆಯೋಕೆ ಅದೇ ಎಲ್‌ಇಡಿ, ಅದೇ ಥರದ ಫೋಟೋಡಯೋಡ್, ಅದೇ ಬಯಾಸ್, ಆದರೆ ಟಿಐಎ ಬದಲು ಬರೀ 50 ಓಮ್ ಇಟ್ಟು ಒಮ್ಮೆ ಸ್ವೀಪ್ ಮಾಡಿಕೊಳ್ಳಿ. 25 ಪಿಎಫ್ ಮತ್ತು 50 ಓಮ್ ಸೇರಿದರೆ ಮಿತಿ 100 ಮೆಗಾಹರ್ಟ್ಸ್‌ಗಿಂತ ಆಚೆ, ಅಡ್ಡಿಯಿಲ್ಲ. ಸಿಗ್ನಲ್ ಮಾತ್ರ ತೀರಾ ಸಣ್ಣದು, 10 ಮೈಕ್ರೋಆಂಪ್‌ಗೆ ಅರ್ಧ ಮಿಲಿವೋಲ್ಟ್. ಎರಡು ಸ್ವೀಪ್‌ಗಳ ಅನುಪಾತವೇ ಟಿಐಎ ರೆಸ್ಪಾನ್ಸ್.

ಇನ್ನೊಂದು ದಾರಿಗೆ ಜನರೇಟರೇ ಬೇಡ. ಫೋಟೋಡಯೋಡ್ ಮೇಲೆ ಸ್ಥಿರವಾದ ಬೆಳಕು ಬಿಟ್ಟರೆ ಅದರ ಕರೆಂಟಿನಲ್ಲಿ ಶಾಟ್ ನಾಯ್ಸ್ (ಕ್ಯಾರಿಯರ್‌ಗಳು, ಅಂದರೆ ಕರೆಂಟ್ ಹೊರುವ ಕಣಗಳು, ಒಂದೊಂದಾಗಿ ಯದ್ವಾತದ್ವಾ ಬರುವುದರಿಂದ ಹುಟ್ಟುವ ನಾಯ್ಸ್) ಇರುತ್ತದೆ, ಅದು ವೈಟ್ ನಾಯ್ಸ್, ಅಂದರೆ ಎಲ್ಲ ಫ್ರೀಕ್ವೆನ್ಸಿಗೂ ಸಮ. ಬಿಟ್ಟಿ ಸಿಗುವ ಪರ್ಫೆಕ್ಟ್ ಸೋರ್ಸ್. ಬ್ಯಾಟರಿಯಿಂದ ಉರಿಯುವ ಹಳೇ ಕಾಲದ ಫಿಲಮೆಂಟ್ ಬಲ್ಬಿನ ಟಾರ್ಚ್ ತೆಗೆದುಕೊಳ್ಳಿ. ಎಲ್‌ಇಡಿ ಟಾರ್ಚಿನ ಡ್ರೈವರ್ ಸ್ವಿಚ್ ಆಗುತ್ತಿದ್ದರೆ ಅದರ ಗಲಾಟೆಯೇ ಕಾಣುತ್ತದೆ. ಡಿಸಿ ಔಟ್‌ಪುಟ್ 2 ವೋಲ್ಟ್, ಅಂದರೆ 20 ಮೈಕ್ರೋಆಂಪ್ ಬರುವಷ್ಟು ದೂರದಲ್ಲಿಟ್ಟು ಸ್ಪೆಕ್ಟ್ರಮ್ ನೋಡಿ. ಶಾಟ್ ನಾಯ್ಸಿನಿಂದ ಔಟ್‌ಪುಟ್ಟಿನಲ್ಲಿ ಹರ್ಟ್ಸ್‌ನ ವರ್ಗಮೂಲಕ್ಕೆ ಸುಮಾರು 250 ನ್ಯಾನೋವೋಲ್ಟ್ ಬರುತ್ತದೆ. ಡಿಸಿ ತಡೆದು 50 ಓಮ್ ಮೂಲಕ ಕೊಟ್ಟರೆ 30 ಕಿಲೋಹರ್ಟ್ಸ್ ರೆಸಲ್ಯೂಶನ್‌ನಲ್ಲಿ ಸುಮಾರು ಮೈನಸ್ 80 ಡಿಬಿಎಂ (1 ಮಿಲಿವಾಟ್‌ಗೆ ಹೋಲಿಸಿದ ಡಿಬಿ), ಟೈನಿಎಸ್‌ಎಯಂಥ ಅಗ್ಗದ ಸ್ಪೆಕ್ಟ್ರಮ್ ಅನಲೈಸರಿಗೂ ಕಾಣುವಷ್ಟು. ಆಮೇಲೆ ಟಾರ್ಚ್ ಆರಿಸಿ ಕತ್ತಲಲ್ಲಿ ಇನ್ನೊಮ್ಮೆ ಅಳೆದು, ಎರಡನ್ನೂ ಪವರ್ ಲೆಕ್ಕದಲ್ಲಿ ಕಳೆಯಿರಿ, ಡಿಬಿಯನ್ನು ನೇರವಾಗಿ ಕಳೆಯಬೇಡಿ. ಕಳೆಯಲೇಬೇಕು, ಯಾಕೆಂದರೆ ಎಡಿ8065ರ 7 ನ್ಯಾನೋವೋಲ್ಟ್ ನಾಯ್ಸ್ ಎಫ್‌ಝೀರೋ ಸುತ್ತಮುತ್ತ 28 ಪಟ್ಟಿನವರೆಗೆ ದೊಡ್ಡದಾಗಿ ಬಂದು ಕೂರುತ್ತದೆ. ಉಳಿದದ್ದರ ಆಕಾರವೇ ನಿಮ್ಮ ಟಿಐಎ ಗೇನಿನ ವರ್ಗ. ಫೇಸ್ ಸಿಗುವುದಿಲ್ಲ ಅನ್ನೋದೊಂದೇ ಕೊರತೆ.

ಎಲ್‌ಇಡಿ ಅಳತೆಗೂ ಟಾರ್ಚ್ ಅಳತೆಗೂ ಒಂದು ಸೂಕ್ಷ್ಮ ವ್ಯತ್ಯಾಸ ಇದೆ. ಇನ್‌ಫ್ರಾರೆಡ್ ಬೆಳಕು ಸಿಲಿಕಾನ್‌ನಲ್ಲಿ ಆಳಕ್ಕಿಳಿದು, ಬಯಾಸ್ ಕಡಿಮೆ ಇದ್ದರೆ ಅಲ್ಲಿ ಹುಟ್ಟಿದ ಕ್ಯಾರಿಯರ್‌ಗಳು ಅಲೆದಾಡಿಕೊಂಡು ತಡವಾಗಿ ಜಂಕ್ಷನ್ ತಲುಪುತ್ತವೆ. ಮಾಡ್ಯುಲೇಟ್ ಆದ ಬೆಳಕಿನಲ್ಲಿ ಈ ತಡ ಬ್ಯಾಂಡ್‌ವಿಡ್ತ್ ತಿನ್ನುತ್ತದೆ. ಶಾಟ್ ನಾಯ್ಸಿಗೆ ಮಾತ್ರ ಏನೂ ಆಗುವುದಿಲ್ಲ, ಮೊದಲೇ ಯದ್ವಾತದ್ವಾ ಬರುತ್ತಿದ್ದವು ಇನ್ನಷ್ಟು ಯದ್ವಾತದ್ವಾ ಬಂದರೂ ಸ್ಪೆಕ್ಟ್ರಮ್ ಹಾಗೇ ಇರುತ್ತದೆ. ಹಾಗಾಗಿ ರೆಸಿಸ್ಟರ್ ಕರ್ವ್ ಮತ್ತು ಟಾರ್ಚ್ ಕರ್ವ್ ಹೊಂದಿ, ಎಲ್‌ಇಡಿ ಕರ್ವ್ ಮಾತ್ರ ಬೇಗ ಬಿದ್ದುಹೋದರೆ ಆಂಪ್ಲಿಫೈಯರನ್ನು ಮುಟ್ಟಬೇಡಿ. ಮೊದಲು 50 ಓಮ್ ಸ್ವೀಪಿನಲ್ಲೂ ಅದೇ ಬೀಳು ಇದೆಯಾ ನೋಡಿ. ಇದ್ದರೆ ತಡ ಆಗುತ್ತಿರೋದು ಎಲ್‌ಇಡಿಯಲ್ಲೋ ಡಯೋಡಿನಲ್ಲೋ ಅಂತ ತಿಳಿಯೋಕೆ ಬಯಾಸ್ ಏರಿಸಿ ಮತ್ತೆ ಸ್ವೀಪ್ ಮಾಡಿ. ಸುಧಾರಿಸಿದರೆ ಡಯೋಡು. ಆಗ ಆ ಹೊಸ ಬಯಾಸನ್ನೇ ಉಳಿಸಿಕೊಳ್ಳಿ, ಆದರೆ ಡಯೋಡಿನ ಕೆಪಾಸಿಟೆನ್ಸ್ ಇಳಿದಿರುತ್ತದೆ, ಆದ್ದರಿಂದ ಫೀಡ್‌ಬ್ಯಾಕ್ ಕೆಪಾಸಿಟರ್ ಲೆಕ್ಕವನ್ನು ಇನ್ನೊಮ್ಮೆ ಹಾಕಿ.